ಬೈಕ್ ಚಕ್ರ ಹೊಳೆದರೆ ಸಾಕೇ? ಹೊಳಪು ಎಲ್ಲಿ ಬೇಕು, ಎಲ್ಲಿ ಬೇಡ

ಆಯುಧಪೂಜೆ ಬಂತೆಂದರೆ ನಮ್ಮಲ್ಲಿ ಬೈಕ್ ತೊಳೆಯದ ಮನೆ ಕಡಿಮೆ. ಚಕ್ರ ಹೊಳೆಯಲೆಂದು ಕೆಲವರು ಸೀಮೆಎಣ್ಣೆ ಬಳಸುತ್ತಾರೆ, ಕೆಲವರು ಹುಣಸೆಹಣ್ಣು, ಇನ್ನು ಕೆಲವರು ಟೂತ್‌ಪೇಸ್ಟ್. ಇವುಗಳಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಎಂದು ನೋಡುವ ಮುನ್ನ ಒಂದು ವಿಷಯ ಗಮನಿಸೋಣ. ಚಕ್ರ ಎಂದು ನಾವು ಕರೆಯುವುದರಲ್ಲಿ ಮೂರು ಬೇರೆ ಬೇರೆ ಮೇಲ್ಮೈಗಳಿವೆ: ಲೋಹದ ರಿಮ್, ರಬ್ಬರಿನ ಟೈರ್ ಮತ್ತು ಬ್ರೇಕ್. ರಿಮ್‌ಗೆ ಹೊಳಪು ಅಂದ. ಟೈರ್ ಮತ್ತು ಬ್ರೇಕ್ ಕೆಲಸ ಮಾಡುವುದೇ ಘರ್ಷಣೆಯಿಂದ. ರಿಮ್‌ಗೆ ಹೊಳಪು ಕೊಡುವ ಎಣ್ಣೆ, ಮೇಣಗಳು ಉಳಿದೆರಡರ ಘರ್ಷಣೆಯನ್ನು ಕಡಿಮೆ ಮಾಡುತ್ತವೆ.

ಸೀಮೆಎಣ್ಣೆಯಿಂದ ಒರೆಸಬಹುದೇ?

ಸೀಮೆಎಣ್ಣೆ, ಡೀಸೆಲ್‌ಗಳು ಗ್ರೀಸ್ ಜಿಡ್ಡನ್ನು ಕರಗಿಸುತ್ತವೆ ಎಂಬುದು ನಿಜ. ಆದರೆ ಆರಿದ ಮೇಲೂ ತೆಳುವಾದ ಎಣ್ಣೆಯ ಪದರ ಉಳಿಯುತ್ತದೆ. ಅದು ಡಿಸ್ಕ್‌ಗೆ ತಾಗಿದರೆ ಬ್ರೇಕ್ ಜಾರುತ್ತದೆ. ಬ್ರೇಕ್ ಪ್ಯಾಡ್ ಎಣ್ಣೆ ಹೀರಿಕೊಂಡರೆ ಡಿಸ್ಕ್ ಒರೆಸಿದರಷ್ಟೇ ಸಾಲದು, ಸಾಮಾನ್ಯವಾಗಿ ಪ್ಯಾಡನ್ನೇ ಬದಲಿಸಬೇಕಾಗುತ್ತದೆ. ಪೆಟ್ರೋಲಿಯಂ ಎಣ್ಣೆಗಳು ಟೈರಿನ ರಬ್ಬರನ್ನೂ ಊದಿಸಿ ಮೆತ್ತಗಾಗಿಸುತ್ತವೆ.

ಹುಣಸೆಹಣ್ಣು, ಟೂತ್‌ಪೇಸ್ಟ್, ಸ್ಟೀಲ್ ನಾರು?

ಹಿತ್ತಾಳೆ ಪಾತ್ರೆ ಹುಣಸೆಹಣ್ಣಿನಿಂದ ಬೆಳಗುವುದಕ್ಕೆ ಕಾರಣ, ಅದರ ಆಮ್ಲ ಮೇಲಿನ ಕಪ್ಪು ಪದರವನ್ನು ಕರಗಿಸುವುದು. ಅಲಾಯ್ ಚಕ್ರಗಳು ಮುಖ್ಯವಾಗಿ ಅಲ್ಯೂಮಿನಿಯಂನವು. ಅಲ್ಯೂಮಿನಿಯಂಗೆ ಅದರ ಆಕ್ಸೈಡ್ ಪದರವೇ ಕವಚ. ಪಿಎಚ್ ಮಟ್ಟ ಸುಮಾರು 4ರಿಂದ 8.5ರ ನಡುವೆ ಇದ್ದಾಗ ಮಾತ್ರ ಆ ಕವಚ ಸ್ಥಿರ. ಹುಳಿಯಾಗಲಿ, ಕ್ಷಾರೀಯ ವಾಷಿಂಗ್ ಸೋಡಾ ಆಗಲಿ ಹೆಚ್ಚು ಹೊತ್ತು ತಾಗಿದ್ದರೆ ಲೋಹ ಮಂಕಾಗುತ್ತದೆ. ಹೆಚ್ಚಿನ ಅಲಾಯ್ ಚಕ್ರಗಳಿಗೆ ಬಣ್ಣ ಅಥವಾ ಪಾರದರ್ಶಕ ಲೇಪನವಿರುತ್ತದೆ. ಟೂತ್‌ಪೇಸ್ಟ್‌ನ ಉಜ್ಜುವ ಕಣಗಳು ಅದರ ಮೇಲೆ ಸಣ್ಣ ಗೀರುಗಳನ್ನು ಬಿಡುತ್ತವೆ.

ಕಡ್ಡಿಗಳಿರುವ ಸ್ಪೋಕ್ ಚಕ್ರದ ಕ್ರೋಮ್ ಲೇಪನ ಸಾಮಾನ್ಯವಾಗಿ ಒಂದು ಮೈಕ್ರೋಮೀಟರ್‌ಗಿಂತಲೂ ತೆಳು. ಸ್ಟೀಲ್ ನಾರಿನಿಂದ ಬಲವಾಗಿ ಉಜ್ಜಿದರೆ ಲೇಪನದಲ್ಲಿ ಗೀರು ಬೀಳುತ್ತದೆ, ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ.

ಲೇಬಲ್ ಇಲ್ಲದ ಬಾಟಲಿಯಲ್ಲಿ ಮಾರುವ 'ವ್ಹೀಲ್ ಆಸಿಡ್' ಬಗ್ಗೆ ವಿಶೇಷ ಎಚ್ಚರ ಬೇಕು. ಚಕ್ರ ತೊಳೆಯುವ ಕೆಲವು ರಾಸಾಯನಿಕಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ. ಅದು ಚರ್ಮದ ಮೂಲಕ ಒಳಗಿಳಿದು ದೇಹದ ಕ್ಯಾಲ್ಸಿಯಂ ಜೊತೆ ಸೇರುತ್ತದೆ. ದುರ್ಬಲ ದ್ರಾವಣವಾದರೆ ನೋವು ಗಂಟೆಗಳ ನಂತರ ಶುರುವಾಗಬಹುದು. ತಾಗಿದರೆ ತಕ್ಷಣ ಧಾರಾಳ ನೀರಿನಿಂದ ತೊಳೆದು, ಬಾಟಲಿಯ ಸಮೇತ ಆಸ್ಪತ್ರೆಗೆ ಹೋಗಬೇಕು.

ಟೈರ್‌ಗೆ ಪಾಲಿಶ್ ಹಚ್ಚಬಹುದೇ?

ಕಾರಿನ ಟೈರಿನ ಪಕ್ಕಕ್ಕೆ ಹಚ್ಚುವ ಸಿಲಿಕೋನ್ ಪಾಲಿಶ್ ಸಾಮಾನ್ಯವಾಗಿ ರಸ್ತೆಗೆ ತಾಗುವುದಿಲ್ಲ. ಬೈಕ್ ಹಾಗಲ್ಲ. ತಿರುವಿನಲ್ಲಿ ಅದು ವಾಲುತ್ತದೆ, ಆಗ ರಸ್ತೆಯನ್ನು ಹಿಡಿಯುವುದು ಟೈರಿನ ಅಂಚು. ಅಲ್ಲಿಗೆ ಪಾಲಿಶ್ ಹರಿದಿದ್ದರೆ ಮೊದಲ ತಿರುವಿನಲ್ಲೇ ಜಾರಬಹುದು.

ಎಂಜಿನ್ ಚಾಲೂ ಇಟ್ಟು ಒರೆಸುವ ಅಭ್ಯಾಸ

ಸೆಂಟರ್ ಸ್ಟ್ಯಾಂಡ್ ಹಾಕಿ, ಗೇರ್‌ನಲ್ಲಿ ಚಕ್ರ ತಿರುಗಿಸುತ್ತಾ ಬಟ್ಟೆ ಹಿಡಿಯುವುದು ಸುಲಭದ ದಾರಿಯಂತೆ ಕಾಣುತ್ತದೆ. ಇಡೀ ಕೆಲಸದಲ್ಲಿ ಅತಿ ಅಪಾಯಕಾರಿ ಹಂತ ಇದೇ. ಬಟ್ಟೆ ಚೈನಿಗೆ ಸಿಕ್ಕಿದರೆ ಕೈ ಹಿಂದೆಗೆಯುವ ಮೊದಲೇ ಬೆರಳು ಚೈನ್ ಮತ್ತು ಹಲ್ಲುಚಕ್ರದ ನಡುವೆ ಹೋಗಿರುತ್ತದೆ. ಹೀಗೆ ಬೆರಳು ತುಂಡಾದ ಪ್ರಕರಣಗಳು ವೈದ್ಯಕೀಯ ನಿಯತಕಾಲಿಕೆಗಳಲ್ಲೂ ದಾಖಲಾಗಿವೆ. ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ನ್ಯೂಟ್ರಲ್‌ನಲ್ಲಿ ಚಕ್ರವನ್ನು ಕೈಯಿಂದಲೇ ತಿರುಗಿಸಿ. ಪಕ್ಕದಲ್ಲಿ ಮಕ್ಕಳಿದ್ದರೆ ಚೈನಿನಿಂದ ದೂರವಿಡಿ.

ಸರಿಯಾದ ಕ್ರಮ ಯಾವುದು?

- ಚಕ್ರ ಮತ್ತು ಡಿಸ್ಕ್ ತಣ್ಣಗಾದ ಮೇಲೆ ಶುರುಮಾಡಿ.
- ಮೊದಲು ನೀರು ಹಾಕಿ ಮಣ್ಣು ನೆನೆಸಿ. ಒಣ ಮರಳಿನ ಮೇಲೆ ಉಜ್ಜಿದರೆ ಗೀರು ಬೀಳುತ್ತದೆ.
- ವಾಹನಗಳಿಗೆಂದೇ ಇರುವ ಸೌಮ್ಯ ಶಾಂಪೂ, ಮೆತ್ತನೆಯ ಬಟ್ಟೆ ಅಥವಾ ಬ್ರಷ್ ಬಳಸಿ.
- ಬ್ರೇಕಿನ ಕಪ್ಪು ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಿಂದ ತೆಗೆಯಿರಿ. ಉಸಿರಿನ ಜೊತೆ ಅದು ಒಳಗೆ ಹೋಗಬಾರದು.
- ಪ್ರೆಶರ್ ವಾಷರ್‌ನ ನೀರು ಚಕ್ರದ ನಡುವಿನ ಬೇರಿಂಗ್‌ಗೆ ನೇರವಾಗಿ ಬೀಳದಿರಲಿ.
- ಪಾಲಿಶ್ ಬೇಕೆನಿಸಿದರೆ ರಿಮ್‌ಗೆ ಮಾತ್ರ. ಅದನ್ನು ಬಟ್ಟೆಗೆ ಹಾಕಿಕೊಂಡು ಹಚ್ಚಿ, ಚಕ್ರಕ್ಕೆ ಸಿಂಪಡಿಸಬೇಡಿ.

ತೊಳೆದ ಮೇಲೆ ಬ್ರೇಕ್ ಒದ್ದೆಯಾಗಿರುತ್ತದೆ. ವಾಹನಗಳಿಲ್ಲದ ಜಾಗದಲ್ಲಿ ನಿಧಾನವಾಗಿ ಓಡಿಸುತ್ತಾ ಎರಡೂ ಬ್ರೇಕ್‌ಗಳನ್ನು ನಾಲ್ಕಾರು ಬಾರಿ ಹಿಡಿದು ನೋಡಿ. ಹಿಡಿತ ಮೊದಲಿನಂತೆ ಇದ್ದರೆ ಮಾತ್ರ ಬೈಕನ್ನು ಮುಖ್ಯರಸ್ತೆಗೆ ಇಳಿಸಿ.