ಚಿತ್ರಗಾರನಿಗೆ ನಿಲ್ಲಲು ನೆಲ

ಚಿತ್ರಗಾರನೆಂದೊಡನೆ ಯಾವ ಶಾಲೆಯಲ್ಲಿ ಕಲಿತನು, ಯಾವ ಪರೀಕ್ಷೆಯಲ್ಲಿ ತೇರ್ಗಡೆಯಾದನು ಎಂದು ವಿಚಾರಿಸುವುದು ನಮ್ಮ ಪೌರರಲ್ಲಿಯೂ ಅಧಿಕಾರಿವರ್ಗದಲ್ಲಿಯೂ ರೂಢಿಯಾಗಿಬಿಟ್ಟಿದೆ. ರುಮಾಲೆ ಚನ್ನಬಸವಯ್ಯನವರನ್ನು ಹೀಗೆ ಕೇಳಿದ್ದರೆ ಉತ್ತರವು ಬಹಳ ಚಿಕ್ಕದಾಗುತ್ತಿತ್ತು. 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಜನಿಸಿದ ಅವರು ಬೆಂಗಳೂರಿನಲ್ಲಿ ಅ. ನ. ಸುಬ್ಬರಾಯರ ಕಲಾಮಂದಿರದಲ್ಲಿಯೂ ಬಳಿಕ ಮೈಸೂರಿನಲ್ಲಿಯೂ ಕೆಲಕಾಲ ಅಭ್ಯಾಸ ಮಾಡಿ, ರಾಷ್ಟ್ರೀಯ ಚಳವಳಿಯ ಕರೆ ಕೇಳಿದೊಡನೆ ಕುಂಚವನ್ನು ಕೆಳಗಿಟ್ಟರು. ಸೇವಾದಳ, ‘ತಾಯಿನಾಡು’ ಪತ್ರಿಕೆಯ ಸಂಪಾದಕತ್ವ, ವಿಧಾನ ಪರಿಷತ್ತಿನ ಸದಸ್ಯತ್ವ ಇವುಗಳಲ್ಲಿಯೇ ದಶಕಗಳು ಕಳೆದುವು. ಐವತ್ತು ದಾಟಿದ ಮೇಲೆ, 1960ರ ದಶಕದಲ್ಲಿ, ಇತರರು ಅಧಿಕಾರದ ಮೆಟ್ಟಿಲುಗಳನ್ನು ಎಣಿಸುತ್ತಿರುವ ವಯಸ್ಸಿನಲ್ಲಿ, ಅವರು ಬಣ್ಣದ ಪೆಟ್ಟಿಗೆಯನ್ನೆತ್ತಿಕೊಂಡು ಬಯಲಿಗೆ ನಡೆದರು. ಅಲ್ಲಿಂದ ಮುಂದೆ, 1988ರಲ್ಲಿ ಕಾಲವಾಗುವವರೆಗೆ, ಅವರು ಕಲಿತುದೆಲ್ಲವೂ ಬಿಸಿಲಿನಲ್ಲಿ ನಿಂತು ತಾವಾಗಿ ಕಲಿತುದೇ.

ಬಯಲಿನಲ್ಲಿ ತೈಲವರ್ಣದ ಕೆಲಸವು ವಿನೋದವಲ್ಲ. ಎಳೆಬಿಸಿಲಿನಲ್ಲಿ ಆರಂಭಿಸಿದ ಮರವು ನಡುಹಗಲಿಗೆ ಬೇರೆಯೇ ಮರವಾಗುವುದು. ಹಸಿ ಬಣ್ಣಕ್ಕೆ ಧೂಳು ಅಂಟುವುದು. ಬೆನ್ನ ಹಿಂದೆ ಜನ ನೆರೆದು ತಮತಮಗೆ ತೋಚಿದ ಸಲಹೆ ಕೊಡುವರು. ಯೂರೋಪಿನಲ್ಲಿಯೂ, 1841ರಲ್ಲಿ ಬಣ್ಣವನ್ನು ತಗಡಿನ ಕೊಳವೆಯಲ್ಲಿ ತುಂಬುವ ಉಪಾಯ ಹೊರಟ ಮೇಲೆಯೇ ಚಿತ್ರಗಾರರು ಧಾರಾಳವಾಗಿ ಹೊರಗೆ ಬಂದುದು. ರುಮಾಲೆಯವರಾದರೋ ಕಬ್ಬನ್ ಉದ್ಯಾನದಲ್ಲಿ, ಲಾಲ್‌ಬಾಗಿನಲ್ಲಿ, ಗುಲ್‌ಮೊಹರ್ ಜಕರಂದಗಳ ಎದುರಿನಲ್ಲಿ ನಿಂತು ಶುದ್ಧ ವರ್ಣಗಳನ್ನು ಒತ್ತೊತ್ತಾಗಿ ಇಟ್ಟು, ನಾವು ದಿನವೂ ಕಚೇರಿಗೆ ಹೋಗುತ್ತ ನೋಡದೆ ಬಿಟ್ಟ ಬೆಂಗಳೂರನ್ನು ನಮಗೆ ತೋರಿಸಿಕೊಟ್ಟರು.

ಆ ಹೂವಿನ ಸಾಲುಗಳು ತಾವಾಗಿ ಬೆಳೆದುವಲ್ಲ. 1908ರಲ್ಲಿ ಲಾಲ್‌ಬಾಗಿಗೆ ಬಂದ ಕ್ರುಂಬಿಗಲ್ಲರು, ಒಂದು ಜಾತಿಯ ಮರ ಹೂ ಮುಗಿಸುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೀದಿಗಳಿಗೆ ಮರಗಳನ್ನು ಆರಿಸಿದರು. ಮಲ್ಲೇಶ್ವರದ ಬೀದಿಗಳಿಗಂತೂ ಸಂಪಿಗೆ ಬೇವುಗಳ ಹೆಸರೇ ಇದೆ. ಇಷ್ಟಾದರೂ ರಸ್ತೆಯ ಪ್ರಸ್ತಾಪ ಬಂದಾಗಲೆಲ್ಲ ಕೊಡಲಿಯ ಲೆಕ್ಕವೇ ಮೊದಲು. 2016ರ ಉಕ್ಕಿನ ಮೇಲ್ಸೇತುವೆಗಾಗಿ 800ಕ್ಕೂ ಹೆಚ್ಚು ಮರಗಳು ಉರುಳಬೇಕಾಗಿದ್ದುವು. ಮಹಾಜನರು ಬೀದಿಗಿಳಿದುದರಿಂದ 2017ರಲ್ಲಿ ಸರ್ಕಾರದವರು ಅದನ್ನು ಕೈಬಿಟ್ಟರು.

ಚಿತ್ರಕಲಾ ಪರಿಷತ್ತಿನವರು 2003ರಿಂದ ನಡೆಸುತ್ತ ಬಂದಿರುವ ಚಿತ್ರಸಂತೆಗೆ ಕುಮಾರಕೃಪಾ ರಸ್ತೆಯನ್ನು ಬಿಟ್ಟುಕೊಡುವುದು ಸಂತೋಷದ ವಿಷಯವೇ. ಆದರೆ ಅದು ಚಿತ್ರವನ್ನು ಮಾರುವ ದಿನ. ಬರೆಯುವ ದಿನಗಳ ಗತಿಯೇನು? ಬಸವನಗುಡಿಯ ಕಹಳೆ ಬಂಡೆ, ಲಾಲ್‌ಬಾಗಿನ ಬಂಡೆ, ಸ್ಯಾಂಕಿ ಕೆರೆಯ ಏರಿ, ಈ ಮೂರೆಡೆಗಳಲ್ಲಾದರೂ ಚಿತ್ರಗಾರರು ಯಾರ ಅಪ್ಪಣೆಯನ್ನೂ ಬೇಡದೆ ಕುಳಿತು ಬರೆಯಬಹುದೆಂದು ಸರ್ಕಾರವೂ ಪೌರಾಡಳಿತವೂ ಫಲಕ ಹಾಕಿಸಲಿ. ಮರ ಕಡಿಯುವ ಅರ್ಜಿಗಳನ್ನು ತೀರ್ಮಾನಿಸುವ ಅಧಿಕಾರಿಗಳು, ರುಜು ಹಾಕುವ ಮೊದಲು, ರುಮಾಲೆಯವರ ಚಿತ್ರಗಳನ್ನು ಒಮ್ಮೆ ನೋಡಿ ಬರಲಿ.