ದೀಪ ಆರಿಸಿದರೆ ದೋಷ ಹೋಗದು
ಎಮಿಷನ್ ಟೆಸ್ಟ್ ಹತ್ತಿರ ಬಂತೆಂದು ಸ್ಕ್ಯಾನರ್ ಹಾಕಿಸಿ ಎಂಜಿನ್ ದೀಪವನ್ನಷ್ಟೇ ಆರಿಸಿಕೊಳ್ಳಬೇಡಿ. ಆ ದೀಪ ಹತ್ತಲು ಆಕ್ಸಿಜನ್ ಸೆನ್ಸರ್ ಕಾರಣವಿರಬಹುದು: ಸೈಲೆನ್ಸರ್ ಪೈಪಿನಲ್ಲಿ ಕೂತಿರುವ ಈ ಬೆರಳುದ್ದದ ಸೆನ್ಸರ್ ಕೆಟ್ಟರೆ ಎಂಜಿನ್ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಕುಡಿಯಬಹುದು. ಮೈಲೇಜ್ ಇಳಿಯುತ್ತದೆ, ಕಾರ್ಬನ್ ಮಾನಾಕ್ಸೈಡ್ ಏರುತ್ತದೆ, ಹಾಗೇ ಬಿಟ್ಟರೆ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಹಾಳಾಗಬಹುದು. ಮೊದಲು ವೈರು, ಕನೆಕ್ಟರ್, ಪೈಪಿನ ಸೋರಿಕೆ ನೋಡಿಸಿ. ಆಮೇಲೂ ದೋಷ ಉಳಿದರೆ ಸೆನ್ಸರ್ ಬದಲಿಸಿ. ದಾವಣಗೆರೆಯಿಂದ ಹರಿಹರಕ್ಕೆ ಒಮ್ಮೆ ಹೋಗಿಬಂದು, ಎಂಜಿನ್ ಬಿಸಿಯಿರುವಾಗಲೇ ಗಾಡಿಯನ್ನು ತಪಾಸಣೆಗೆ ನಿಲ್ಲಿಸಿ. ಇದು ಊರಿನ ಗಾಳಿಯ ಪ್ರಶ್ನೆಯೂ ಹೌದು: 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಡಿ ಗಾಳಿ ಸುಧಾರಿಸಬೇಕಾದ ನಗರಗಳ ಪಟ್ಟಿಯಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿಯ ಜೊತೆ ದಾವಣಗೆರೆಯೂ ಇದೆ. ಸಕಾಲದ ರಿಪೇರಿಯಿಂದ ನಮ್ಮ ಜೇಬಿಗೂ ಲಾಭ, ಊರಿನ ಮಕ್ಕಳ ಉಸಿರಿಗೂ ಲಾಭ.