ಹತ್ತು ತಾಲ್ಲೂಕಿಗೆ ಒಂದೇ ಬಣ್ಣ

ರೋಗ ಎಲ್ಲಿದೆ, ಯಾವ ದಿಕ್ಕಿಗೆ ಹೊರಟಿದೆ ಎಂದು ತೋರಿಸುವುದು ಸಾಂಕ್ರಾಮಿಕ ನಕ್ಷೆಯ ಕೆಲಸ. 1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ಕಾಲರಾ ಸಾವುಗಳನ್ನು ಮನೆಮನೆಯ ಲೆಕ್ಕದಲ್ಲಿ ಗುರುತಿಸಿದಾಗ ಅವು ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಕಿಕ್ಕಿರಿದಿದ್ದು ಕಂಡಿತು. ಆ ನಕ್ಷೆಯಲ್ಲಿ ಸ್ಥಳ ನಿಖರವಾಗಿತ್ತು, ಸತ್ತವರ ಹೆಸರಿರಲಿಲ್ಲ. ಕೋವಿಡ್ ಕಾಲದ ಕರ್ನಾಟಕದಲ್ಲಿ ಇದು ತಲೆಕೆಳಗಾಯಿತು. ರೋಗದ ಜಾಗ ಮಸುಕಾಯಿತು, ರೋಗಿಯ ಮನೆ ಬಯಲಾಯಿತು.

ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ 2020ರ ಜನವರಿ 22ರಂದು ತೆರೆದ ನಕ್ಷೆ ಜಗತ್ತಿಗೆ ಮಾದರಿಯಾಯಿತು. ದೇಶದೇಶಗಳನ್ನು ಹೋಲಿಸಲು ಅದು ಸಾಕಾಗಿತ್ತು. ಭಾರತದಲ್ಲಿ ಜಿಲ್ಲೆಯೇ ಅಳತೆಗೋಲಾಯಿತು, ಅನ್ಯಾಯ ಶುರುವಾದದ್ದು ಅಲ್ಲಿ. ಸೋಂಕಿನ ಅಪಾಯಕ್ಕೆ ತಕ್ಕಂತೆ ಜಿಲ್ಲೆಗಳಿಗೆ ಬಣ್ಣ ಕೊಟ್ಟ ಕೇಂದ್ರದ ಏಪ್ರಿಲ್ 30ರ ಪಟ್ಟಿಯಲ್ಲಿ ತುಮಕೂರು ಜಿಲ್ಲೆ ಕಿತ್ತಳೆ ವಲಯ. 10,597 ಚದರ ಕಿಲೋಮೀಟರ್, ಹತ್ತು ತಾಲ್ಲೂಕು, 2011ರ ಜನಗಣತಿಯಂತೆ ಇಪ್ಪತ್ತಾರು ಲಕ್ಷಕ್ಕೂ ಹೆಚ್ಚು ಜನ. ಎಲ್ಲಕ್ಕೂ ಒಂದೇ ಬಣ್ಣ. ಮಾರ್ಚ್ 27ರಂದು ಜಿಲ್ಲೆಯ ಮೊದಲ ಕೋವಿಡ್ ಸಾವು ಶಿರಾದವರದು. ಆಂಧ್ರದ ಅಂಚಿನ ಪಾವಗಡಕ್ಕೂ ಮಂಡ್ಯದ ಅಂಚಿನ ತುರುವೇಕೆರೆಗೂ ಅದೇ ಕಿತ್ತಳೆ ಹಣೆಪಟ್ಟಿ ಬಿತ್ತು. ಇದೇ ಜಿಲ್ಲೆಯ ತಿಪಟೂರಿಗೆ ಅಂಟಿಕೊಂಡ ಅರಸೀಕೆರೆ ಮಾತ್ರ ಹಾಸನ ಜಿಲ್ಲೆಗೆ ಸೇರಿದ್ದರಿಂದ ಹಸಿರು. ಕೇಂದ್ರದ ಆದೇಶದಂತೆ ಹಸಿರು ವಲಯದಲ್ಲಿ ಅರ್ಧ ಸೀಟಿಗೆ ಬಸ್ ಓಡಬಹುದಿತ್ತು, ಕಿತ್ತಳೆಯಲ್ಲಿ ಓಡುವಂತಿರಲಿಲ್ಲ. ಆದರೆ ತೆಂಗಿನಕಾಯಿ ಕೀಳುವವರು, ಸುಲಿಯುವವರು, ಕೊಬ್ಬರಿ ವರ್ತಕರು ತಿಪಟೂರು, ಅರಸೀಕೆರೆಗಳ ನಡುವೆ ದಿನವೂ ಓಡಾಡುತ್ತಾರೆ. ವೈರಾಣುವಿನ ದಾರಿಯೂ ಅದೇ. ಅದಕ್ಕೆ ಜಿಲ್ಲೆಯ ಗಡಿ ಗೊತ್ತಿಲ್ಲ.

ಆಗ ಬೇರೆ ದಾರಿಯೇ ಇರಲಿಲ್ಲ ಎಂಬ ಸಮರ್ಥನೆ ಇಂದಿಗೂ ಕೇಳಿಬರುತ್ತದೆ. ಅದು ಸುಳ್ಳು. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದ ಬಳಿ ಹಳ್ಳಿ, ಹೋಬಳಿಗಳ ಗಡಿ ಗಣಕದಲ್ಲೇ ಇದೆ. ಅದೇ ಕೇಂದ್ರ ರೂಪಿಸಿದ ‘ಕೊರೊನಾ ವಾಚ್’ ಆ್ಯಪ್ ಸೋಂಕಿತರು ಹದಿನಾಲ್ಕು ದಿನ ಎಲ್ಲೆಲ್ಲಿ ಓಡಾಡಿದರೆಂದು ತೋರಿಸುತ್ತಿತ್ತು. ಮನೆಯಲ್ಲೇ ಕ್ವಾರಂಟೈನ್ ಆದ ಸಾವಿರಾರು ಜನರ ವಿಳಾಸವನ್ನು ಸರ್ಕಾರವೇ ಮಾರ್ಚ್‌ನಲ್ಲಿ ಪ್ರಕಟಿಸಿತು. ಒಬ್ಬರ ಬಾಗಿಲಿನವರೆಗೆ ಹೋಗಲು ಬಲ್ಲ ಸರ್ಕಾರಕ್ಕೆ ಹೋಬಳಿಯವರೆಗೆ ಹೋಗಲು ಏನಡ್ಡಿ? ಹೊನ್ನವಳ್ಳಿಯಂಥ ಸಣ್ಣ ಊರಿನಲ್ಲಿ ರೋಗಿಗೆ ಕೊಟ್ಟ ‘ಪಿ’ ಸಂಖ್ಯೆ, ವಯಸ್ಸು, ಲಿಂಗ ಹೇಳಿದರೆ ಹೆಸರು ಹೇಳಬೇಕಾಗಿಯೇ ಇಲ್ಲ.

ನಕ್ಷೆಯ ಇನ್ನೊಂದು ದೋಷ ಪರೀಕ್ಷೆಯದು. ಪರೀಕ್ಷೆ ನಡೆಯದ ಹಳ್ಳಿಯಲ್ಲಿ ಪ್ರಕರಣವಿಲ್ಲ, ಪ್ರಕರಣವಿಲ್ಲದ ಹಳ್ಳಿ ಸುರಕ್ಷಿತವಾಗಿ ಕಾಣುತ್ತದೆ. ಎಷ್ಟು ಪರೀಕ್ಷೆಯಾಯಿತೆಂದು ಪಕ್ಕದಲ್ಲೇ ಹೇಳದ ಬಣ್ಣ ಜನರನ್ನು ದಾರಿ ತಪ್ಪಿಸುತ್ತದೆ.

ಜಿಲ್ಲಾ ಕೇಂದ್ರದಿಂದಲೇ ಎಲ್ಲವನ್ನೂ ನೋಡುವ ಈ ಚಾಳಿಗೆ ತೆಂಗೂ ಬಲಿಯಾಗಿದೆ. ತೆಂಗಿನ ಗರಿ ತಿನ್ನುವ ಕಪ್ಪು ತಲೆ ಹುಳುವಿಗೆ ಗೋನಿಯೋಜಸ್ ಪರೋಪಜೀವಿ ಬಿಡುವಾಗ ಸುತ್ತಲಿನ ತೋಟಗಳಿಗೆಲ್ಲ ಒಟ್ಟಿಗೆ ಬಿಡಬೇಕು. ಹುಳು ಶೆಟ್ಟಿಕೆರೆಯಲ್ಲೋ ಹುಳಿಯಾರಿನಲ್ಲೋ ಎಂದು ತಿಳಿಯದೆ ಅದು ಆಗದು. ಗರಿ ಒಣಗಿದ ಮೇಲೆ ಬರುವ ಜಿಲ್ಲಾ ಸರಾಸರಿ ಬೆಳೆಗಾರನಿಗೆ ಕವಡೆಕಾಸಿನ ಉಪಯೋಗವಿಲ್ಲ.

ಮುಂದಿನ ಸಾಂಕ್ರಾಮಿಕದ ನಕ್ಷೆಗೆ ಗ್ರಾಮ ಪಂಚಾಯಿತಿಯೇ ಘಟಕವಾಗಬೇಕು. ಪ್ರತಿ ಪಂಚಾಯಿತಿಯ ಪರೀಕ್ಷೆ, ಸೋಂಕು, ಸಾವುಗಳ ಸಂಖ್ಯೆ ಅದರಲ್ಲಿರಬೇಕು. ವಿಳಾಸ, ವಯಸ್ಸು ಇರಕೂಡದು. 2020ರಲ್ಲಿ ಪಂಚಾಯಿತಿ ಕಾರ್ಯಪಡೆಗಳೂ ಆಶಾ ಕಾರ್ಯಕರ್ತೆಯರೂ ಮನೆಮನೆ ಸುತ್ತಿ ಮಾಹಿತಿ ಬರೆದುಕೊಂಡಿದ್ದರು. ಅಂಥ ಮಾಹಿತಿಯನ್ನು ಮೊದಲು ಆ ಊರಿಗೇ ತೋರಿಸಬೇಕು, ಜಿಲ್ಲಾ ಕಚೇರಿಗೆ ಆಮೇಲೆ.